ಗಾಳಿಪೆಟ್ಟಿಗೆಯ ಒತೀಲಿಯಾ

ಬೆಳಗಿನ ಎಂಟೂಕಾಲು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜೂನ್ ಎಂದರೆ ನಡುಚಳಿಗಾಲ; ಸೂರ್ಯ ಬರಲೋ ಬೇಡವೋ ಎಂದು ಇನ್ನೂ ಮೀನಮೇಷ ಎಣಿಸುತ್ತಿದ್ದಾನೆ. ಗುಡ್ಡದ ಮೇಲಿನ ನಮ್ಮ ಲಾಸ್ ಲೆಂಗಾಸ್ ಕೇರಿಯಿಂದ ಕೆಳಗೆ ನೋಡಿದರೆ ಊರಿಲ್ಲ, ಬರೀ ಹೊಗೆ. ನಾಲ್ಕು ಸಾವಿರ ಮನೆಗಳ ಸೌದೆ ಒಲೆ ಒಟ್ಟಿಗೆ ಹೊತ್ತಿಕೊಳ್ಳುವ ಹೊತ್ತು ಇದು. ಕೇರಿಯವರೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುವ ಫ್ರೆಸಿಯಾ ಅವರ ಮನೆಯ ಅಟ್ಟದಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಜಾಗದಲ್ಲಿ, ಐವತ್ತೊಂಬತ್ತು ವರ್ಷದ ಒತೀಲಿಯಾ ನಾವೆಲ್ಕಿನ್ ಮೊಣಕಾಲೂರಿ ಕೂತಿದ್ದಾರೆ. ಹಣೆಯ ಮೇಲೆ ಟಾರ್ಚು, ಹಲ್ಲಿನ ನಡುವೆ ಸ್ಕ್ರೂಡ್ರೈವರ್. ಎದುರಿಗೆ ಸೂಟ್‌ಕೇಸಿನಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಅದರಿಂದ ಹೊರಟ ನಾಲ್ಕು ದಪ್ಪ ಪೈಪುಗಳು ಅಟ್ಟದ ಕತ್ತಲೆಯಲ್ಲಿ ಮಾಯವಾಗಿವೆ.

ಒತೀಲಿಯಾ ಮುಚ್ಚಳ ತೆಗೆದು ಒಳಗಿನ ಫಿಲ್ಟರನ್ನು ಎಳೆಯುತ್ತಾರೆ. ಅಂಗಡಿಯಿಂದ ಬಂದಾಗ ಹಾಲಿನಷ್ಟು ಬೆಳ್ಳಗಿದ್ದ ಅದು ಈಗ ಕಾವಲಿಯ ತಳದ ಹಾಗಿದೆ.

“ಮೂರು ತಿಂಗಳಿಂದು ನೋಡಿ ದೊನ್ಯಾ ಫ್ರೆಸಿಯಾ! ಇಷ್ಟೂ ನಿಮ್ಮ ಎದೇಲಿ ಇರ್ಬೇಕಿತ್ತು!” ಎಂದು ಅಟ್ಟದ ಕಿಂಡಿಯಿಂದ ಕೆಳಗೆ ಹಿಡಿದು ತೋರಿಸುತ್ತಾರೆ.

“ಬೆಳಿಗ್ಗೆ ಬೆಳಿಗ್ಗೆ ಅದನ್ನೆಲ್ಲ ತೋರಿಸ್ಬೇಡ ಮಾರಾಯ್ತಿ, ಇನ್ನೂ ಒಂದು ಗುಟುಕು ಕುಡಿದಿಲ್ಲ ನಾನು,” ಎನ್ನುತ್ತಾರೆ ಕೆಳಗೆ ಚಹಾದಂಥ ಮಾಟೆ ಎಲೆಗೆ ಬಿಸಿನೀರು ಹೊಯ್ಯುತ್ತಿರುವ ಫ್ರೆಸಿಯಾ. ಎಪ್ಪತ್ತು ದಾಟಿದ ವಿಧವೆ, ನಾಲಿಗೆ ಮಾತ್ರ ಹದಿನೆಂಟರದ್ದು.

ಅಟ್ಟ ಇಳಿದ ಒತೀಲಿಯಾ ಒಂದೊಂದೇ ಕೋಣೆಯ ಚಾವಣಿಯಲ್ಲಿರುವ ಗಾಳಿಯ ಬಾಯಿಗೆ ಕೈ ಹಿಡಿದು ನೋಡುತ್ತಾ ಬರುತ್ತಾರೆ. ಮಲಗುವ ಕೋಣೆಗೆ ಬಂದಾಗ ಮುಖ ಬಿಗಿಯುತ್ತದೆ. ಸ್ಟೂಲು ಹತ್ತಿ ಎರಡು ಬೆರಳು ಒಳಗೆ ಹಾಕಿ ಎಳೆದರೆ ಹೊರಬರುವುದು ಬೂದು ಬಣ್ಣದ ಉಣ್ಣೆಯ ಕಾಲುಚೀಲ.

“ಅದು ನಂದಲ್ಲ,” ಎನ್ನುತ್ತಾರೆ ಫ್ರೆಸಿಯಾ.

“ಮತ್ಯಾರದು? ಗಾಳಿ ತಾನೇ ಕಾಲಿಗೆ ಹಾಕ್ಕೊಂಡು ಬಂತಾ?”

“ಕುತ್ತಿಗೆ ಮೇಲೆ ಬೀಸುತ್ತೆ ಕಣೇ. ನಮ್ಮಮ್ಮ ಕುತ್ತಿಗೆಗೆ ಗಾಳಿ ಹೊಡೆದೇ ಸತ್ತಿದ್ದು.”

“ನಿಮ್ಮಮ್ಮ ತೊಂಬತ್ನಾಲ್ಕಕ್ಕೆ ಸತ್ತಿದ್ದು ದೊನ್ಯಾ ಫ್ರೆಸಿಯಾ. ನಾನೂ ಬಂದಿದ್ದೆ ಮಣ್ಣಿಗೆ.”

ಇಬ್ಬರೂ ನಗುತ್ತಾರೆ. ಕಾಲುಚೀಲ ಒತೀಲಿಯಾ ಅವರ ಜೇಬು ಸೇರುತ್ತದೆ. ವಾಪಸು ಕೊಟ್ಟರೆ ಸಂಜೆಯೊಳಗೆ ಮತ್ತೆ ಅಲ್ಲೇ ಇರುತ್ತದೆ ಎನ್ನುವುದು ಅವರ ಅನುಭವ. ಅವರ ಮನೆಯಲ್ಲಿ ಹೀಗೆ ವಶಪಡಿಸಿಕೊಂಡ ಕಾಲುಚೀಲ, ಟವೆಲ್ಲು, ಒಂದು ಮಗುವಿನ ಟೋಪಿ, ಎಲ್ಲವೂ ಒಂದು ಬುಟ್ಟಿಯಲ್ಲಿವೆ. ಬೇಕಾದವರು ಬಂದು ಗುರುತು ಹೇಳಿ ಒಯ್ಯಬಹುದು. ಇವತ್ತಿನವರೆಗೆ ಒಬ್ಬರೂ ಬಂದಿಲ್ಲ.

ಈ ಪೆಟ್ಟಿಗೆಗೆ ಸರಕಾರಿ ಕಾಗದದಲ್ಲಿ ಒಂದು ಮಾರುದ್ದದ ಹೆಸರಿದೆ: ಶಾಖ ಮರಳಿ ಪಡೆಯುವ ಗೃಹ ವಾತಾಯನ ವ್ಯವಸ್ಥೆ. ಕಾಗದ ಬರೆದವರು ಅದನ್ನು ಒಂದೇ ಉಸಿರಿನಲ್ಲಿ ಹೇಳಿ ನೋಡಿದ್ದಾರೋ ಇಲ್ಲವೋ ಗೊತ್ತಿಲ್ಲ. ನಮ್ಮ ಕೇರಿಯಲ್ಲಿ ಅದು ಗಾಳಿಪೆಟ್ಟಿಗೆ. ಅದು ಮಾಡುವ ಕೆಲಸವನ್ನು ಒತೀಲಿಯಾ ಹೀಗೆ ಹೇಳುತ್ತಾರೆ: “ಮನೆಯಿಂದ ಹೊರಗೆ ಹೋಗೋ ಗಾಳಿ ಬಾಗಿಲ ಹತ್ರ ಕೋಟು ಬಿಚ್ಚಿಡುತ್ತೆ. ಹೊರಗಿಂದ ಬರೋ ಗಾಳಿ ಅದೇ ಕೋಟು ಹಾಕ್ಕೊಂಡು ಒಳಗೆ ಬರುತ್ತೆ. ಒಂದನ್ನೊಂದು ಮುಟ್ಟಲ್ಲ, ಕೋಟು ಮಾತ್ರ ಬದಲಾಗುತ್ತೆ.” ಒಳಬರುವ ದಾರಿಯಲ್ಲಿ ಫಿಲ್ಟರ್ ಇರುವುದರಿಂದ ಊರಿನ ಹೊಗೆ ಅಲ್ಲೇ ನಿಲ್ಲುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದರೆ ನಮ್ಮದೇ ಉಸಿರು ಕೊಳೆತು ಗೋಡೆಗೆ ಬೂಷ್ಟು ಹಿಡಿಯುತ್ತದೆ, ತೆಗೆದರೆ ನೆರೆಯವರ ಒಲೆಯೆಲ್ಲ ನಮ್ಮ ಹಾಸಿಗೆಗೆ ಬರುತ್ತದೆ. ಈ ಇಬ್ಬಂದಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಬಿಳಿ ಪೆಟ್ಟಿಗೆಯ ಬೆಲೆ ಗೊತ್ತು.

ಬೆಲೆಯೆಂದರೆ ನಿಜವಾದ ಬೆಲೆಯೂ ಉಂಟು. ಪೆಟ್ಟಿಗೆ, ಪೈಪು, ಕೂಲಿ ಎಲ್ಲ ಸೇರಿ ಒಂದು ಮನೆಗೆ ಇಪ್ಪತ್ತಾರು ಲಕ್ಷ ಪೆಸೊ. ಕೇರಿಯವರು ಗುಂಪು ಕಟ್ಟಿಕೊಂಡು ಅರ್ಜಿ ಹಾಕಿದರೆ ಸರಕಾರದ ನಿಧಿ ಬಹುಪಾಲು ಕೊಡುತ್ತದೆ. ಮನೆಯವರು ಒಂದೂವರೆ ಲಕ್ಷ ಕೂಡಿಟ್ಟು ತೋರಿಸಬೇಕು, ಅಂದರೆ ಮೂರು ಘನಮೀಟರ್ ಒಣ ಸೌದೆಯ ದುಡ್ಡು. ಚಳಿಗಾಲಕ್ಕೆ ಹದಿನೆಂಟು ಘನಮೀಟರ್ ಸುಡುತ್ತಿದ್ದ ಮನೆಗಳು ಈಗ ಹನ್ನೆರಡರಲ್ಲಿ ಮುಗಿಸುತ್ತಿವೆ. ಕರೆಂಟು ತಿಂಗಳಿಗೆ ಐದು ಸಾವಿರ. ಆದರೆ ವರ್ಷಕ್ಕೆರಡು ಸಲ ಬದಲಿಸಬೇಕಾದ ಫಿಲ್ಟರ್ ಜೋಡಿಗೆ ಇಪ್ಪತ್ತೆರಡು ಸಾವಿರ, ಅದಕ್ಕೆ ನಿಧಿಯಲ್ಲಿ ಒಂದು ಬಿಡಿಗಾಸೂ ಇಲ್ಲ. ಶುಚಿ ಮಾಡುವ ಕೈಗಂತೂ ಇಲ್ಲವೇ ಇಲ್ಲ. ಯಂತ್ರ ಕೊಂಡು ಕೊಡುವವರಿಗೆ, ಯಂತ್ರವೂ ಹಲ್ಲಿನ ಹಾಗೆ ದಿನಾ ಉಜ್ಜಬೇಕಾದ್ದು ಎಂಬುದು ಯಾಕೆ ಹೊಳೆಯುವುದಿಲ್ಲವೋ ನಾನು ಕಾಣೆ.

ಆ ಖಾಲಿ ಜಾಗದಲ್ಲಿ ಒತೀಲಿಯಾ ನಿಂತಿದ್ದಾರೆ. ಹಳೆಯ ನೈಲಾನ್ ಸ್ಟಾಕಿಂಗ್ಸ್ ಕತ್ತರಿಸಿ, ತಂತಿಯ ಚೌಕಟ್ಟಿಗೆ ಬಿಗಿದು, ಫಿಲ್ಟರಿನ ಮುಂದೆ ಕೂರಿಸುತ್ತಾರೆ. ದಪ್ಪ ಮಸಿ ಅದರಲ್ಲೇ ನಿಲ್ಲುವುದರಿಂದ ಆರು ತಿಂಗಳ ಫಿಲ್ಟರ್ ಹತ್ತು ತಿಂಗಳು ಬರುತ್ತದೆ. ದಿನಕ್ಕೆ ನಾಲ್ಕೈದು ಮನೆ. ಒಂದು ಮನೆಗೆ ಎರಡು ಸಾವಿರ ಪೆಸೊ, ಇಲ್ಲದಿದ್ದರೆ ಹನ್ನೆರಡು ಮೊಟ್ಟೆ, ಅದೂ ಇಲ್ಲದಿದ್ದರೆ ಒಂದು ಹೊರೆ ಸೌದೆ. “ಸೌದೆ ಉಳಿಸೋ ಯಂತ್ರ ತೊಳೆದು ಸೌದೆ ತಗೊಳ್ತೀನಿ, ಏನ್ಮಾಡೋದು,” ಎಂದು ತಾವೇ ನಗುತ್ತಾರೆ.

ಮಸಿಯ ಸಹವಾಸ ಅವರಿಗೆ ಹೊಸದಲ್ಲ. ಅಪ್ಪ ಚಿಲೊಯೆ ದ್ವೀಪದಿಂದ ಬಂದು ಇಲ್ಲಿ ಹೊಗೆಕೊಳವೆ ತೊಳೆಯುವ ಕೆಲಸ ಹಿಡಿದವರು. ಅವರ ಮಂಡಿ ಸೋತ ಮೇಲೆ ಹತ್ತೊಂಬತ್ತರ ಒತೀಲಿಯಾ ಸರಪಳಿ, ಬ್ರಷ್ಷು ಹೆಗಲಿಗೆ ಹಾಕಿಕೊಂಡು ಮಾಡು ಹತ್ತಿದರು. ಮೂವತ್ತನಾಲ್ಕು ವರ್ಷ ಇಳಿಯಲಿಲ್ಲ. “ಹೆಂಗಸು ಮಾಡಿನ ಮೇಲೆ ನಡೆದ್ರೆ ಮನೆಗೆ ಆಗಿ ಬರಲ್ಲ ಅಂತಿದ್ರು. ಅವರ ಕೊಳವೆಗೆ ಒಂದ್ಸಲ ಬೆಂಕಿ ಬಿತ್ತು ನೋಡಿ, ಆಮೇಲೆ ಎಲ್ಲ ಆಗಿ ಬಂತು.” ಆರು ವರ್ಷದ ಹಿಂದೆ ಮೊದಲ ಗುಂಪಿನ ಇಪ್ಪತ್ತು ಮನೆಗೆ ಪೆಟ್ಟಿಗೆ ಬಂದಾಗ, ಕೂರಿಸಿದ ಕಂಪನಿಯವರು ಯಾರಿಗೂ ಓದಲು ಬಾರದ ಭಾಷೆಯ ಒಂದು ಪುಸ್ತಿಕೆ ಕೊಟ್ಟು ಹೋದರು. ಲಾರಿಯಲ್ಲಿ ಜಜ್ಜಿ ಹೋಗಿದ್ದ ಇಪ್ಪತ್ತೊಂದನೆಯ ಪೆಟ್ಟಿಗೆಯನ್ನು ಒತೀಲಿಯಾ ಕೇಳಿ ಪಡೆದು, ಊಟದ ಮೇಜಿನ ಮೇಲೆ ಬಿಚ್ಚಿ ಹರವಿಕೊಂಡು ಕೂತರು. “ಒಂದು ತಿಂಗಳು ನಿಂತ್ಕೊಂಡೇ ಊಟ ಮಾಡಿದ್ವಿ. ಆದ್ರೆ ಅದರ ಹೊಟ್ಟೆ ಒಳಗೆ ಏನೇನಿದೆ ಅಂತ ನಂಗೆ ಗೊತ್ತಾಯ್ತು.”

ಊಟ ಮಾಡಿದ್ವಿ ಎಂದರೆ ಅವರು ಮತ್ತು ಗಂಡ ಬಾಲ್ದೆಮಾರ್. ಮರದ ಮಿಲ್ಲಿನಲ್ಲಿ ಬದುಕು ಸವೆಸಿದ, ಮಾತು ಕಮ್ಮಿಯ ದೊಡ್ಡ ಆಳು. ಹೊಟ್ಟಿನ ದೂಳು, ಒಲೆಯ ಹೊಗೆ ಎರಡೂ ಸೇರಿ ಅವರ ಎದೆ ಕೆಡಿಸಿದ್ದವು. ಒಂಬತ್ತು ವರ್ಷದಿಂದ ಚಳಿಗಾಲ ಬಂತೆಂದರೆ ಅವರು ಮಲಗುತ್ತಿರಲಿಲ್ಲ. ಒಲೆಯ ಪಕ್ಕದ ಕುರ್ಚಿಯಲ್ಲಿ ದಿಂಬು ಒರಗಿಸಿಕೊಂಡು ಕೂತೇ ಬೆಳಗು ಮಾಡುತ್ತಿದ್ದರು. ಚಿಕಿತ್ಸಾಲಯದ ವೈದ್ಯೆ ಶುದ್ಧ ಗಾಳಿ ಬೇಕೆಂದರಂತೆ. “ಔಷಧಿ ಅಂಗಡೀಲಿ ಸಿಗೋದನ್ನ ಬರ್ಕೊಡಿ ತಾಯಿ ಅಂದೆ,” ಎಂದರು ಒತೀಲಿಯಾ. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಇಪ್ಪತ್ತು ಮನೆಯ ಗಾಳಿ ತೊಳೆಯುವವರ ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ. ಮೊದಲ ಗುಂಪಿಗೆ ಹಣ ಕೂಡಿಡಬೇಕಾದ ವರ್ಷವೇ ಬಾಲ್ದೆಮಾರ್ ಎರಡು ಸಲ ಆಸ್ಪತ್ರೆ ಸೇರಿದ್ದರು. ಎರಡನೆಯ ಗುಂಪಿನ ಹದಿನೇಳು ಮನೆಗಳ ಪಟ್ಟಿಯಲ್ಲಿ ಅವರದು ಹನ್ನೊಂದನೆಯದು. ಆ ಪಟ್ಟಿಗೆ ವಸತಿ ಕಚೇರಿಯವರು ಒಂದು ಷರತ್ತು ಹಾಕಿದ್ದರು: ಮೊದಲ ಇಪ್ಪತ್ತು ಪೆಟ್ಟಿಗೆಗಳ ತಪಾಸಣೆ ನಡೆಯುತ್ತದೆ, ಮೂರಕ್ಕಿಂತ ಹೆಚ್ಚು ಕೆಟ್ಟಿದ್ದರೆ ಈ ಕೇರಿಗೆ ಕೊಟ್ಟದ್ದು ದಂಡವೆಂದು ತಿಳಿದು ಹಣ ಬೇರೆ ಊರಿಗೆ ಹೋಗುತ್ತದೆ. ತಪಾಸಣೆ ಕಳೆದ ವರ್ಷ ಆಗಸ್ಟಿನ ಒಂದು ಗುರುವಾರಕ್ಕೆ ಗೊತ್ತಾಯಿತು.

ಹದಿನೈದು ದಿನ ಒತೀಲಿಯಾ ಮನೆಮನೆ ಸುತ್ತಿದರು. ಒಂಬತ್ತು ಕಾಲುಚೀಲ ಎಳೆದರು, ಎರಡು ಹಕ್ಕಿಗೂಡು ತೆಗೆದರು, ಕರೆಂಟು ಉಳಿಸಲು ಸ್ವಿಚ್ಚು ಆರಿಸುತ್ತಿದ್ದ ನಾಲ್ವರಿಗೆ ಬೈದರು. ಬುಧವಾರ ಸಂಜೆಯ ಹೊತ್ತಿಗೆ, ಮೋಟಾರೇ ಸುಟ್ಟಿದ್ದ ಒಂದನ್ನು ಬಿಟ್ಟು ಹತ್ತೊಂಬತ್ತೂ ಗಡಿಯಾರದ ಹಾಗೆ ನಡೆಯುತ್ತಿದ್ದವು. ಗುರುವಾರ ಬೆಳಿಗ್ಗೆ ರಾಜಧಾನಿಯಿಂದ ವಿಮಾನದಲ್ಲಿ ಬಂದಿಳಿದವರು ಇಸಿದೊರೊ ಎಂಬ ಇಂಜಿನಿಯರು. ಮೂವತ್ತು ದಾಟಿರದ ಮುಖ, ತೆಳು ಕೋಟು, ಸಂಜೆ ನಾಲ್ಕಕ್ಕೆ ವಾಪಸು ವಿಮಾನ. ಒತೀಲಿಯಾ ಅವರನ್ನು ಯಾರೂ ಕರೆದಿರಲಿಲ್ಲ. ಏಣಿ ಹೊರಲು ಒಬ್ಬರು ಬೇಕಲ್ಲ ಎಂದು ತಾವೇ ಹೊರಟರು. ಇದನ್ನೆಲ್ಲ ನೋಡಿ ನಮ್ಮ ಪೇಪರಿಗೆ ಬರೆಯೋಣವೆಂದು ನಾನೂ ಬೆನ್ನು ಹತ್ತಿದೆ.

ಮೊದಲ ಮನೆ ಫ್ರೆಸಿಯಾ ಅವರದು. ಬಾಗಿಲು ತೆಗೆದರೆ ಒಳಗಿಂದ ಬೇಕರಿಯ ಒಲೆಯ ಹಾಗೆ ಕಾವು ಮುಖಕ್ಕೆ ಹೊಡೆಯಿತು. ದೂರದಿಂದ ಅತಿಥಿ ಬಂದರೆ ಕೋಟು ತೆಗೆಯುವಷ್ಟು ಮನೆ ಕಾಯಿಸಬೇಕು ಎನ್ನುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಅತಿಥಿ ಕೋಟು ಹಾಕಿಕೊಂಡೇ ಕೂತು ಎದ್ದುಹೋದರೆ ಕೇರಿಯಲ್ಲಿ ಒಂದು ವರ್ಷ ಆ ಮಾತೇ ಮಾತು. ಫ್ರೆಸಿಯಾ ಐದು ಗಂಟೆಯಿಂದ ಆರಿಸಿಟ್ಟ ಒಣ ಲೆಂಗಾ ಮರದ ಕಟ್ಟಿಗೆ ತುರುಕುತ್ತಿದ್ದರು. ನಮ್ಮ ಪೂರಿ, ಸೊಪೈಪಿಯಾ, ಕರಿದಿಟ್ಟಿದ್ದರು. ಇಸಿದೊರೊ ಕೋಟು ತೆಗೆದರು, ಸ್ವೆಟರ್ ತೆಗೆದರು, ಸೊಪೈಪಿಯಾ ತಿಂದರು, ಏಣಿ ಹತ್ತಿ ಗಾಳಿಯ ಬಾಯಿಗೆ ಮಾಪಕ ಹಿಡಿದರು. ಹೊರಗೆ ಸೊನ್ನೆಗಿಂತ ಮೂರು ಕೆಳಗೆ. ಹದಿನೈದು ಡಿಗ್ರಿಗಾದರೂ ಬಿಸಿಯಾಗಿ ಬರಬೇಕಿದ್ದ ಗಾಳಿ ನಾಲ್ಕು ಡಿಗ್ರಿಯಲ್ಲಿ ಬರುತ್ತಿತ್ತು.

“ಶಾಖ ಮರಳುತ್ತಿಲ್ಲ,” ಎಂದು ಬರೆದುಕೊಂಡರು.

ಎರಡನೆಯ ಮನೆ. ಅಲ್ಲಿ ಇನ್ನೂ ಸೆಕೆ. ಅಲ್ಲೂ ನಾಲ್ಕು ಡಿಗ್ರಿ. ಮೂರನೆಯ ಮನೆಯಲ್ಲಿ ಐದು. ಮೂರೂ ಮನೆಯ ಎದುರು ಅದೇ ಸಾಲು ಬಿತ್ತು. ಇನ್ನೊಂದೇ ಒಂದು ಮನೆ, ಅಲ್ಲಿಗೆ ಮುಗಿಯಿತು. ಸುಟ್ಟ ಮೋಟಾರಿನ ಮನೆ ಹೇಗೂ ಲೆಕ್ಕಕ್ಕೆ ಕಾದು ಕೂತಿತ್ತು. ಏಣಿ ಹಿಡಿದು ನಿಂತಿದ್ದ ಒತೀಲಿಯಾ ಅವರ ಮುಖ ನಾನು ನೋಡಿದೆ. ಬಣ್ಣವೇ ಇರಲಿಲ್ಲ. ಮೇಲಿನ ಬೀದಿಯಲ್ಲಿ ಕುರ್ಚಿಗೆ ಒರಗಿ ಉಸಿರೆಳೆಯುತ್ತಿರುವ ಮನುಷ್ಯ ಅವರ ಕಣ್ಣ ಮುಂದಿದ್ದಿರಬೇಕು.

“ನಿನ್ನೆ ಚೆನ್ನಾಗಿತ್ತು ಮಗಾ. ನಾನೇ ಕೈ ಹಿಡಿದು ನೋಡಿದೀನಿ,” ಎಂದರು.

“ಕೈ ಬೇರೆ, ಮಾಪಕ ಬೇರೆ ಅಮ್ಮಾ,” ಎಂದರು ಇಸಿದೊರೊ. ಒರಟಾಗಿ ಅಲ್ಲ, ಬೇಜಾರಿನಿಂದಲೇ. ಹಾಗೆನ್ನುತ್ತಾ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

ಒತೀಲಿಯಾ ಆ ಕರವಸ್ತ್ರವನ್ನೇ ನೋಡಿದರು.

“ಯಾಕೆ ಬೆವರ್ತಿದೀಯ?”

“ಯಾಕಂದ್ರೆ... ಸೆಕೆ. ಇಪ್ಪತ್ತೊಂಬತ್ತು ಡಿಗ್ರಿ ಇದೆ ಇಲ್ಲಿ.”

“ಪೆಟ್ಟಿಗೇನೂ ಅದನ್ನೇ ಹೇಳ್ತಿದೆ ಮಗಾ! ಅದು ಬೇಸಿಗೆ ಬಂತು ಅಂದ್ಕೊಂಡಿದೆ!”

ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಪುಟ್ಟ ಕದವಿದೆ. ಮನೆ ಇಪ್ಪತ್ತೈದು ಡಿಗ್ರಿ ದಾಟಿದರೆ ಅದು ತಾನಾಗಿ ತೆರೆದುಕೊಂಡು, ಹೊರಗಿನ ತಂಪನ್ನು ಕಾಯಿಸದೆ ನೇರ ಒಳಗೆ ಬಿಡುತ್ತದೆ. ಸೆಕೆಯೂರಿನವರಿಗೆ ಮಾಡಿದ ಅನುಕೂಲ. ಒಳ್ಳೆಯ ಪೆಟ್ಟಿಗೆಗಳು ಹೊರಗಿನ ಚಳಿಯನ್ನೂ ನೋಡಿ ತೀರ್ಮಾನಿಸುತ್ತವೆ. ನಮಗೆ ಬಂದವು ಅಗ್ಗದವು, ಒಳಗನ್ನು ಮಾತ್ರ ನೋಡುತ್ತವೆ. ಐದು ವರ್ಷದಲ್ಲಿ ಆ ಕದ ಒಮ್ಮೆಯೂ ತೆರೆದಿರಲಿಲ್ಲ, ಯಾಕೆಂದರೆ ನಮ್ಮ ಬೇಸಿಗೆಗೆ ಅಷ್ಟು ಕಾವಿಲ್ಲ, ಸೌದೆಯನ್ನು ಹೀಗೆ ಸುರಿಯುವಷ್ಟು ದೊಡ್ಡ ಅತಿಥಿ ನಮ್ಮ ಕೇರಿಗೆ ಬಂದಿರಲಿಲ್ಲ. ಸೋಲಿಸಿದ್ದು ಯಂತ್ರವಲ್ಲ, ನಮ್ಮ ಉಪಚಾರ.

ಇಸಿದೊರೊ ನಂಬಲಿಲ್ಲ. ಒತೀಲಿಯಾ ಆ ಇಂಜಿನಿಯರ ಕೈಹಿಡಿದು ಅಟ್ಟಕ್ಕೆ ಹತ್ತಿಸಿದರು, ಮುಚ್ಚಳ ತೆಗೆದು ತೆರೆದು ನಿಂತ ಕದ ತೋರಿಸಿದರು. ಆಮೇಲೆ ಕೆಳಗಿಳಿದು ಮನೆಯ ಎರಡೂ ಬಾಗಿಲು ಹಾರುಹೊಡೆದರು. ಮನೆಯಾಕೆ ಬಾಯಿ ಬಡಿದುಕೊಂಡರು. “ಏನ್ ಮಾಡ್ತಿದೀಯೇ? ರಾಜಧಾನಿಯೋರು ನಡುಗಿ ಸತ್ರೆ ನನ್ನ ಮರ್ಯಾದೆ ಏನಾಗ್ಬೇಕು?”

“ಸಾಯಲ್ಲ, ಕೋಟಿದೆ. ಹಾಕ್ಕೋ ಮಗಾ ಕೋಟು.”

ಆ ಇಂಜಿನಿಯರು ಒಳ್ಳೆಯ ಮನುಷ್ಯ. ಕೋಟು ಹಾಕಿಕೊಂಡು ಅಟ್ಟದಲ್ಲೇ ಕೂತರು. ಹದಿನೈದು ನಿಮಿಷವಾಯಿತು, ಏನಿಲ್ಲ. ಇಪ್ಪತ್ತೈದು ನಿಮಿಷ. ಆಮೇಲೆ ಟಕ್ಕೆಂದು ಸಣ್ಣ ಸದ್ದು, ಕದ ಮುಚ್ಚಿಕೊಂಡಿತು. ಬಾಗಿಲು ಹಾಕಿ ಇನ್ನಷ್ಟು ಹೊತ್ತು ಕಾದರು. ಮಾಪಕ ಏಳು ಎಂದಿತು, ಹನ್ನೊಂದು ಎಂದಿತು, ಕೊನೆಗೆ ಹದಿನಾರಕ್ಕೆ ಹೋಗಿ ನಿಂತಿತು. ಇಸಿದೊರೊ ತಾವು ಬರೆದ ಸಾಲನ್ನು ಹೊಡೆದುಹಾಕಿದ ಪೆನ್ನಿನ ಸದ್ದೂ ನನಗೆ ಕೇಳಿಸಿತು.

ಉಳಿದದ್ದು ಸಣ್ಣ ಯುದ್ಧ. ಒತೀಲಿಯಾ ಮುಂದೆ ಮುಂದೆ ಓಡಿ, ಒಂದೊಂದು ಮನೆಯಲ್ಲೂ ಒಲೆ ತಗ್ಗಿಸಿ ಬಾಗಿಲು ತೆಗೆಸಿದರು. “ತಣ್ಣನೆ ಮನೇಲಿ ಅತಿಥಿನ ಕೂರಿಸ್ಲಾ?” ಎಂದು ಎಲ್ಲರೂ ಮುಖ ಊದಿಸಿದರು. ಒಬ್ಬಾಕೆಯಂತೂ ಇವತ್ತಿಗೂ ಅವರೊಂದಿಗೆ ನೆಟ್ಟಗೆ ಮಾತಾಡುವುದಿಲ್ಲ. ಇಸಿದೊರೊ ಹಿಂದೆ ಹಿಂದೆ ಬಂದು, ಮೊದಲೆರಡು ಮನೆಗೂ ವಾಪಸು ಹೋಗಿ ಅಳೆದರು. ನಾಲ್ಕರ ವಿಮಾನ ಅವರನ್ನು ಬಿಟ್ಟೇ ಹಾರಿತು. ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಸು. ಸಂಜೆ ಏಣಿ ಹೊತ್ತು ಇಳಿಯುತ್ತಿದ್ದಾಗ ಅವರು ಕೇಳಿದರು: “ನಿಮ್ಮ ಮನೆ ಯಾವುದಮ್ಮಾ? ಅದನ್ನ ನೋಡಿದ ನೆನಪೇ ಇಲ್ಲ.”

“ಮೇಲಿನ ಬೀದೀದು. ಅಲ್ಲಿ ಪೆಟ್ಟಿಗೆ ಇಲ್ಲ ಮಗಾ.”

ಇಸಿದೊರೊ ನಿಂತರು. ಒತೀಲಿಯಾ ಅವರ ಹೆಗಲಿನಿಂದ ಏಣಿ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಆ ಪಟ್ಟಿಯ ಹನ್ನೊಂದನೆಯ ಹೆಸರನ್ನು ಇಡೀ ದಿನ ಒತೀಲಿಯಾ ಬಾಯಿಬಿಟ್ಟು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ನಾನು ಆಮೇಲೆ ಕೇಳಿದ್ದುಂಟು. “ಹೇಳಿದ್ರೆ ಅವನು ಅಯ್ಯೋ ಪಾಪ ಅಂತ ಅಳೀತಿದ್ದ. ಪೆಟ್ಟಿಗೆ ಸರಿ ಇದೆ ಅಂತ ಅಳೀಬೇಕಿತ್ತು,” ಎಂದರು.

ಹಣ ಮಂಜೂರಾದ ಕಾಗದ ನವೆಂಬರಿನಲ್ಲಿ ಬಂತು. ಹದಿನೇಳು ಮನೆಗೂ ಈ ಏಪ್ರಿಲಿನಲ್ಲಿ ಕೆಲಸ ಮುಗಿಯಿತು. ಹನ್ನೊಂದನೆಯ ಮನೆಯ ಪೈಪುಗಳನ್ನು ಕಂಪನಿಯ ಹುಡುಗರಿಗೆ ಮುಟ್ಟಲು ಕೊಡದೆ ಒತೀಲಿಯಾ ತಾವೇ ಕೂರಿಸಿದರು. ಈಗ ಅವರ ಪಾಲಿಗೆ ಮೂವತ್ತೇಳು ಪೆಟ್ಟಿಗೆಗಳು. ಮೊನ್ನೆ ಭಾನುವಾರ ಅವರ ಅಡುಗೆಮನೆಯಲ್ಲಿ ಕೂತು, ನಿಮಗೆ ಇನ್ನೇನು ಬೇಕು ಎಂದು ಕೇಳಿದೆ. ಪೇಪರಿನವರು ಕೇಳಲೇಬೇಕಾದ ಪ್ರಶ್ನೆ ಅದು.

“ಫಿಲ್ಟರಿಗೆ ಒಂದಿಷ್ಟು ದುಡ್ಡು ನಿಧಿಯಿಂದ ಬಂದ್ರೆ ಸಾಕು. ಮುದುಕೀರು ಔಷಧಿ ಬಿಟ್ಟು ಫಿಲ್ಟರ್ ತಗೋತಾರೆ, ಇಲ್ಲಾ ಫಿಲ್ಟರ್ ಬಿಟ್ಟು ಔಷಧಿ ತಗೋತಾರೆ. ಅದೊಂದು ಬರೀರಿ,” ಎಂದರು. ಬರೆದಿದ್ದೇನೆ.

ಬಾಲ್ದೆಮಾರ್ ಕಿಟಕಿಯ ಬಳಿ ನಿಂತು ಆಲೂಗಡ್ಡೆ ಸುಲಿಯುತ್ತಿದ್ದರು. ಎದೆ ಪೂರ್ತಿ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು. ಆದರೂ ಮೇ ತಿಂಗಳಲ್ಲಿ, ಮೊದಲ ಹಿಮ ಬಿದ್ದ ವಾರ, ಅವರು ಕುರ್ಚಿ ಬಿಟ್ಟು ಮಂಚಕ್ಕೆ ಬಂದರಂತೆ. ಮೊದಲ ಬೆಳಗಿನ ಕತೆ ಹೇಳುವಾಗ ಒತೀಲಿಯಾ ದನಿ ತಗ್ಗಿಸಿದರು.

“ಎಚ್ಚರ ಆಯ್ತು. ಸದ್ದೇ ಇಲ್ಲ. ಕೆಮ್ಮಿಲ್ಲ, ಗೊರಗೊರ ಇಲ್ಲ. ಒಂಬತ್ತು ವರ್ಷ ಆ ಸದ್ದು ಕೇಳ್ಕೊಂಡೇ ಎದ್ದೋಳು ನಾನು. ಜೀವ ಹಾರ್ಹೋಯ್ತು. ಮೆಲ್ಲಗೆ ಮೂಗಿನ ಹತ್ರ ಕೈ ಹಿಡಿದೆ, ಗಾಳಿ ಬರ್ತಿದ್ಯಾ ಅಂತ ನೋಡೋಕೆ. ಊರೋರ ಪೆಟ್ಟಿಗೆಗೆಲ್ಲ ಹಿಡೀತೀನಲ್ಲ, ಹಾಗೇ.”

“ಕೈ ತಣ್ಣಗಿತ್ತು,” ಎಂದರು ಬಾಲ್ದೆಮಾರ್, ಆಲೂಗಡ್ಡೆಯಿಂದ ಕಣ್ಣೆತ್ತದೆ.

“ಕಣ್ಣೂ ಬಿಡ್ಲಿಲ್ಲ ಈ ಮನುಷ್ಯ. ಏನಂದ್ರು ಗೊತ್ತಾ? ‘ಸತ್ತಿಲ್ಲ ಕಣೇ, ನಿದ್ದೆ ಮಾಡ್ತಿದೀನಿ. ಒಂಬತ್ತು ವರ್ಷದ್ದು ಇದೆ, ಸುಮ್ನಿರು.’”

ಒತೀಲಿಯಾ ಸುಮ್ಮನಿದ್ದರು. ಅವತ್ತು ಕೆಲಸಕ್ಕೂ ಹೋಗಲಿಲ್ಲ. ಅವರು ಏಳುವವರೆಗೆ ಮಂಚದ ಅಂಚಿನಲ್ಲಿ ಕೂತಿದ್ದರು.